ಷರಾ: ಹಾಕಿಲ್ಲ

ಫೆಬ್ರವರಿ 6

ಶಾಲಾ ಕಚೇರಿಯ ಗುಮಾಸ್ತರಿಗೆ,

ಮಾನ್ಯರೇ,

ನಾನು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಕೂರಿಸುವ ಕೆಲಸದಲ್ಲಿದ್ದೇನೆ. ನಮ್ಮ ಮಾಲೀಕರು ಜೂನ್ ತಿಂಗಳಲ್ಲಿ ನಿಮ್ಮ ಊರಿನಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಿದ್ದು, ಅದನ್ನು ನೋಡಿಕೊಳ್ಳುತ್ತೀಯಾ ಎಂದು ನನ್ನನ್ನು ಕೇಳಿದ್ದಾರೆ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಇರುವುದು ನಿಮ್ಮ ಶಾಲೆಯೊಂದೇ.

ನನ್ನ ಮಗಳಿಗೆ ಎಂಟು ವರ್ಷ. ರಕ್ತದ ಕಾಯಿಲೆಗೆ ಎರಡು ವರ್ಷ ಚಿಕಿತ್ಸೆ ನಡೆದು ಹೋದ ತಿಂಗಳು ಮುಗಿಯಿತು. ಶಾಲೆಗೆ ಕಳಿಸಬಹುದು ಎಂದು ವೈದ್ಯರು ಹೇಳಿದ್ದಾರೆ, ಆದರೆ ಒಂದು ಷರತ್ತಿದೆ. ಚಿಕ್ಕಂದಿನಲ್ಲಿ ಹಾಕಿಸಿದ್ದ ಲಸಿಕೆಗಳ ಬಲವೆಲ್ಲ ಆ ಔಷಧಿಗಳಿಗೆ ತೊಳೆದುಹೋಗಿದೆ. ದಡಾರದ ಲಸಿಕೆಯನ್ನು ಮತ್ತೆ ಹಾಕಬೇಕೆಂದರೆ ವರ್ಷದ ಕೊನೆಯವರೆಗೆ ಕಾಯಬೇಕು. ಅಲ್ಲಿಯತನಕ ಅವಳನ್ನು ಕಾಪಾಡಬೇಕಾದವರು ಅವಳ ಅಕ್ಕಪಕ್ಕ ಕೂರುವ ಮಕ್ಕಳು. ಶಾಲೆಯ ನೂರು ಮಕ್ಕಳಲ್ಲಿ ತೊಂಬತ್ತೈದು ಮಕ್ಕಳಿಗಾದರೂ ದಡಾರದ ಎರಡೂ ಲಸಿಕೆ ಆಗಿರಬೇಕು, ಇಲ್ಲವಾದರೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದಾರೆ. ಮನೆಯಲ್ಲಿ ಇಟ್ಟುಕೊಂಡೇ ಎರಡು ವರ್ಷವಾಯಿತು. ಅವಳು ಈಗ ಗೋಡೆಯ ಕ್ಯಾಲೆಂಡರಿಗೆ ಹಾಜರಿ ಕರೆಯುತ್ತಾಳೆ.

ನಿಮ್ಮ ಶಾಲೆಯ ಸಂಖ್ಯೆ ಎಷ್ಟು ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ. ಫೋನ್ ಮಾಡಬೇಡಿ. ಫೋನಿನಲ್ಲಿ ‘ಹೂಂ’ ಎಂದವರನ್ನು ಒಮ್ಮೆ ನಂಬಿ ಆಗಿದೆ.

ಇತಿ,
ಒಬ್ಬ ತಾಯಿ


ಫೆಬ್ರವರಿ 12

ಪುಟ್ಟೀ,

ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ‘ಮಾನ್ಯರೇ’ ಎಂದಿರಲಿಲ್ಲ. ಕೊನೆಗೆ ಅಂದವಳು, ಪೆನ್ಸಿಲ್ ಕೊಡಲಿಲ್ಲವೆಂದು ನನ್ನ ಜಡೆ ಹಿಡಿದು ಮೂರು ಮೆಟ್ಟಿಲು ಇಳಿಸಿದ್ದ ತಂಗಿ. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ನಿನ್ನದೆಂದು ಗೊತ್ತಾಯಿತು. ಒಂದೂವರೆ ವರ್ಷದ ಮೇಲೆ ಬಂದ ಮೊದಲ ಕಾಗದ, ಅದೂ ಕಚೇರಿಗೆ. ಆದರೂ ಬಂತಲ್ಲ ಎಂದು ಸಂತೋಷಪಟ್ಟೆ. ಬಟಾಣಿಯ ಔಷಧಿ ಮುಗಿಯಿತು ಎಂಬ ಸಾಲನ್ನು ಓದಿ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತು ಬಂದೆ. ಕೂದಲು ಬಂದಿದೆಯಾ? ತಲೆ ಬೋಳಾದಾಗ ತಾನೇ ಇಟ್ಟುಕೊಂಡ ಆ ಹೆಸರನ್ನು ಈಗಲೂ ಬಿಟ್ಟಿಲ್ಲವಾ?

ನೀನು ಬರಹದಲ್ಲಿ ಕೇಳಿದ್ದೀಯ, ನಾನೂ ಬರಹದಲ್ಲೇ ಒಪ್ಪಿಕೊಳ್ಳುತ್ತೇನೆ. ನನ್ನ ಮಗಳನ್ನು ನಿಮ್ಮ ಮನೆಗೆ ಕರೆತರುತ್ತೇನೆ ಎಂದ ದಿನ ನೀನು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಅಜ್ಜಮ್ಮಂಗೆ ದಡಾರದ್ದು ಹಾಕ್ಸಿದ್ದೀಯಾ?” ನನ್ನ ಒಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು. ಹೂಂ ಅಂದೆ. ಎಲ್ಲರೂ ಹಾಕಿಸುತ್ತಾರೆ, ನಾನೂ ಹಾಕಿಸಿರಬೇಕು ಎಂಬ ಧೈರ್ಯದ ಮೇಲೆ ಅಂದೆ. ಅಜ್ಜಮ್ಮನ ಕಾರ್ಡು ಎರಡು ಮಾರು ದೂರದ ಡ್ರಾಯರಿನಲ್ಲಿತ್ತು, ತೆಗೆದು ನೋಡಲಿಲ್ಲ. ಅವಳಿಗೆ ನೆಗಡಿಯೆಂದು ಒಮ್ಮೆ ಮುಂದಕ್ಕೆ ಹಾಕಿದ್ದೆ, ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಇನ್ನೊಮ್ಮೆ, ಆಮೇಲೆ ಮರೆತೇ ಹೋಗಿತ್ತು. ಮಾರನೆಯ ದಿನ ಅವಳನ್ನು ನಿಮ್ಮ ಮನೆಗೆ ಕರೆತಂದೆ. ಎರಡೂ ಮಕ್ಕಳು ಒಂದೇ ಚಾದರದ ಕೆಳಗೆ ಮನೆಯಾಟ ಆಡಿದವು. ಅದರ ಮಾರನೆಯ ದಿನ ಅಜ್ಜಮ್ಮನ ಕಿವಿಯ ಹಿಂದೆ ಕೆಂಪು ಗುಳ್ಳೆ ಎದ್ದವು.

ನಿನ್ನ ಪ್ರಶ್ನೆಗೆ ಈಗ ಉತ್ತರ ಕೊಡಲಾರೆ. ಎಲ್ಲ ಶಾಲೆಗಳೂ ತಮ್ಮ ಮಕ್ಕಳಲ್ಲಿ ಶೇಕಡಾ ಎಷ್ಟು ಮಂದಿಗೆ ಲಸಿಕೆ ಆಗಿದೆ ಎಂಬುದನ್ನು ಗೇಟಿನ ಹಲಗೆಯ ಮೇಲೆ ಬರೆದು ಊರಿಗೆಲ್ಲ ಕಾಣಿಸಬೇಕು ಎಂದು ಹೊಸ ಆದೇಶ ಬಂದಿದೆ. ಗಡುವು ತಿಂಗಳ ಕೊನೆ. ಎಣಿಸಬೇಕಾದವಳು ನಾನೇ. ಅಂದಾಜು ಹೇಳಬಲ್ಲೆ, ಆದರೆ ನಿನಗೆ ಇನ್ನು ಮೇಲೆ ಅಂದಾಜು ಹೇಳುವುದಿಲ್ಲ. ಎಣಿಸಿ ಬರೆಯುತ್ತೇನೆ.

ನಿನ್ನ,
ಅಕ್ಕ (ಮಾನ್ಯರು)


ಮಾರ್ಚ್ 2

ಪುಟ್ಟೀ,

ಅರವತ್ತೆಂಟು.

ನಾನೂರ ಹನ್ನೆರಡು ಮಕ್ಕಳಲ್ಲಿ ಇನ್ನೂರ ಎಂಬತ್ತು. ಮೂರು ಸಲ ಎಣಿಸಿದೆ. ಇಲ್ಲಿ ನಾನು ಸೇರಿ ಎಂಟು ತಿಂಗಳಾಯಿತಷ್ಟೆ. ಆರೋಗ್ಯ ರಿಜಿಸ್ಟರು ನಿವೃತ್ತರಾದ ಹಳೆಯ ಗುಮಾಸ್ತರು ಬರೆದಿಟ್ಟದ್ದು. ಪ್ರತಿ ಮಗುವಿಗೂ ಒಂದೊಂದು ಸಾಲು, ಕೊನೆಯಲ್ಲಿ ಷರಾ ಎಂಬ ಕಾಲಂ. ಅದರಲ್ಲಿ ‘ಹಾಕಿದೆ’ ಅಥವಾ ‘ಹಾಕಿಲ್ಲ’. ಮುತ್ತು ಪೋಣಿಸಿದಂಥ ಅಕ್ಷರ, ಒಂದು ಚಿತ್ತಿಲ್ಲ.

ಎಣಿಸುವಾಗ ಹೆಸರುಗಳ ಮೇಲೆ ಒಂದು ಉದ್ದನೆಯ ರಟ್ಟಿನ ಪಟ್ಟಿ ಇಟ್ಟುಕೊಂಡೆ. ಯಾವ ಮಗು ಯಾವುದೆಂದು ಕಂಡರೆ ‘ಅಯ್ಯೋ, ಇವರಮ್ಮ ಹಾಕಿಸಿರುತ್ತಾಳೆ ಬಿಡು’ ಎಂದು ಮನಸ್ಸು ಜಾರುತ್ತದೆ. ಜಾರಿದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಷರಾ ಕಾಲಂ ಒಂದನ್ನೇ ನೋಡಿಕೊಂಡು ಕೆಳಗಿಳಿದೆ. ಹಾಕಿಲ್ಲ ಎಂದಿದ್ದರೆ ಹಾಕಿಲ್ಲ. ನೂರ ಮೂವತ್ತೆರಡು ಹಾಕಿಲ್ಲಗಳು.

ಹೆಡ್ ಮೇಡಂ ಚೀಟಿ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಬೇರೆ ಶಾಲೆಗಳವರು ತೊಂಬತ್ತರ ಮೇಲೆ ಬರೆದಿದ್ದಾರಂತೆ. “ಒಂದು ಎಂಬತ್ತೆಂಟು ಅಂತ ಬರೆದ್ಬಿಡಿ, ಆಮೇಲೆ ನಿಧಾನಕ್ಕೆ ಸರಿ ಮಾಡ್ಕೊಳ್ಳೋಣ” ಅಂದರು. ಕೆಟ್ಟವರಲ್ಲ, ಹೆದರಿದ್ದರು. ಆಗ ನಾನು ನಿನ್ನ ಕಾಗದವನ್ನು ಅವರ ಮುಂದಿಟ್ಟೆ. ಮಗುವಿನ ತಾಯಿ ನನ್ನ ತಂಗಿ ಎಂದೂ ಹೇಳಿದೆ. ಅವರು ಓದಿ ಸೀಮೆಸುಣ್ಣದ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

ನಾನೇ ಗೇಟಿನ ಹಲಗೆಯ ಮೇಲೆ ಬರೆದೆ. ಬರೆಯುವಾಗ ಎಂಟರ ಹೊಟ್ಟೆ ಸೊಟ್ಟಗಾಯಿತು. ನೀನು ಈ ಊರಿಗೆ ಬರಬೇಕು ಎಂದು ನನಗೆ ಎಷ್ಟು ಆಸೆ ಇತ್ತು ಎಂದು ಬರೆದರೆ ಕಾಗದ ಸಾಲದು. ಆದರೂ ಬರೆಯುತ್ತೇನೆ: ಬರಬೇಡ. ಇಲ್ಲಿ ಬಟಾಣಿಯನ್ನು ಕೂರಿಸಲು ಜಾಗವಿಲ್ಲ.

ಅಕ್ಕ


ಮಾರ್ಚ್ 9

ಅಕ್ಕನಿಗೆ,

ಕಾಗದ ತಲುಪಿತು. ಮಾಲೀಕರಿಗೆ ಬರುವುದಿಲ್ಲ ಎಂದು ಹೇಳಿದೆ. ಬಟಾಣಿಗೆ ಹೇಳುವ ಕೆಲಸ ಕಷ್ಟವಾಯಿತು. ಅವಳು ಹೊಸ ಚೀಲಕ್ಕೆ ಆಗಲೇ ಹೆಸರು ಹೊಲಿಸಿಕೊಂಡಿದ್ದಳು. “ಅರವತ್ತೆಂಟು ಪಾಸ್ ಅಲ್ವಾ?” ಎಂದು ಕೇಳಿದಳು. ಪಾಸೇ, ಆದರೆ ನಮಗೆ ಡಿಸ್ಟಿಂಕ್ಷನ್ ಬೇಕು ಎಂದೆ. ಒಪ್ಪಿದಳು. ಬಚ್ಚಲಿಗೆ ಹೋಗಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ವಾರದಿಂದ ಯೋಚಿಸಿದೆ. ಅಜ್ಜಮ್ಮನಿಗೆ ಗುಳ್ಳೆ ಎದ್ದವೆಂದು ತಿಳಿದ ದಿನ ಬಟಾಣಿಗೆ ತುರ್ತಾಗಿ ಒಂದು ಇಂಜೆಕ್ಷನ್ ಕೊಟ್ಟು, ನಮ್ಮಿಬ್ಬರನ್ನೂ ಗಾಜಿನ ಬಾಗಿಲಿನ ಕೋಣೆಯಲ್ಲಿ ಇಟ್ಟರು. ದಡಾರ ಬರುತ್ತದೋ ಇಲ್ಲವೋ ಎಂದು ಇಪ್ಪತ್ತೊಂದು ದಿನ ಕಾಯಬೇಕಿತ್ತು. ಅವಳ ಮುಖ್ಯ ಔಷಧಿಯನ್ನೂ ಅಷ್ಟು ದಿನ ನಿಲ್ಲಿಸಿದ್ದರು. ದಿನಾ ಬೆಳಿಗ್ಗೆ ಎದ್ದು ಮಾಡುತ್ತಿದ್ದ ಮೊದಲ ಕೆಲಸ ಅವಳ ಕಿವಿಯ ಹಿಂದೆ ನೋಡುವುದು. ಬರಲಿಲ್ಲ. ಸೆಪ್ಟೆಂಬರ್ 19ಕ್ಕೆ ನಮ್ಮನ್ನು ಹೊರಗೆ ಬಿಟ್ಟರು. ಈಗಲೂ ಬೆಳಿಗ್ಗೆ ನೋಡುತ್ತೇನೆ.

ಹದಿನೇಳನೆಯ ದಿನ ನೀನು ಬಂದು ಗಾಜಿನ ಆಚೆ ನಿಂತಿದ್ದೆ. ನಾನು ಪರದೆ ಎಳೆದೆ. “ದೊಡ್ಡಮ್ಮ ಅಳ್ತಿದ್ರಲ್ಲ, ಯಾಕೆ ಎಳ್ದೆ?” ಎಂದು ಬಟಾಣಿ ಕೇಳಿದಳು.

ನೀನು ಎಂಬತ್ತೆಂಟು ಬರೆಯಬಹುದಿತ್ತು. ತೊಂಬತ್ತಾರು ಬರೆದಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಅರವತ್ತೆಂಟು ಎಂದು ಬರೆದೆ. ನಿನ್ನ ಕೈಯಿಂದ ಬಂದ ಒಂದು ಸಂಖ್ಯೆಯನ್ನು ನಾನು ನಂಬಿದೆ ಎಂದು ತಿಳಿಸಲಷ್ಟೇ ಈ ಕಾಗದ.

ತಂಗಿ


ಮಾರ್ಚ್ 27

ಪುಟ್ಟೀ,

ಕೂತಿದ್ದೀಯಾ? ಕೈಯಲ್ಲಿ ಗಾಜು ಇದ್ದರೆ ಕೆಳಗಿಡು. ಮೊದಲಿನಿಂದ ಹೇಳುತ್ತೇನೆ, ಮಧ್ಯದಲ್ಲಿ ಹಾರಿಸಿ ಓದಬೇಡ.

ಹಲಗೆಯ ಮೇಲೆ ಅರವತ್ತೆಂಟು ಬಿದ್ದ ದಿನದಿಂದ ಕಚೇರಿಯ ಕಿಟಕಿಯ ಮುಂದೆ ತಂದೆತಾಯಂದಿರ ಸಾಲು. ಕೆಲವರು ಬೇರೆ ಶಾಲೆಗೆ ಹೋಗುತ್ತೇವೆಂದು ವರ್ಗಾವಣೆ ಪತ್ರ ಕೇಳಿದರು. ಅಜ್ಜಮ್ಮ ಮನೆಯಲ್ಲಿ ನನಗೆ ಬುದ್ಧಿ ಹೇಳಿದಳು. ಹತ್ತು ವರ್ಷಕ್ಕೇ ಅವಳಿಗೆ ಆ ಹೆಸರು ಸುಮ್ಮನೆ ಅಂಟಿಕೊಂಡಿಲ್ಲ. “ಅಮ್ಮ, ನಿಜ ಹೇಳಿದ್ಮೇಲೆ ಬೈಸ್ಕೋಬೇಕು, ಅದೂ ಕೆಲಸದಲ್ಲೇ ಸೇರಿದ್ದು” ಅಂದಳು. ನಿನ್ನ ಭಾವ ಅವಳ ಮಾತಿಗೆ ತಲೆಯಾಡಿಸುತ್ತ ಪೇಪರಿನ ಹಿಂದೆ ಅವಿತುಕೊಂಡರು.

ಹೋದ ಬುಧವಾರ ಒಬ್ಬ ಬಸ್ ಡ್ರೈವರು ಬಂದರು. ಕೂಗಾಡಲಿಲ್ಲ. ತನ್ನ ಇಬ್ಬರು ಮಕ್ಕಳಿಗೂ ಎಲ್ಲ ಲಸಿಕೆ ಆಗಿದೆ, ಕಾರ್ಡು ಶಾಲೆಗೆ ಕೊಟ್ಟು ಎರಡು ವರ್ಷವಾಯಿತು, ನಮ್ಮ ಮಕ್ಕಳನ್ನು ಯಾವ ಕಡೆ ಎಣಿಸಿದ್ದೀರಿ ಎಂದು ಮಾತ್ರ ಕೇಳಿದರು. ತೋರಿಸೋಣವೆಂದು ರಿಜಿಸ್ಟರ್ ತೆರೆದು ಮೊದಲ ಸಲ ರಟ್ಟಿನ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದೆ. ಅವರ ಇಬ್ಬರು ಮಕ್ಕಳ ಮುಂದೆಯೂ ‘ಹಾಕಿಲ್ಲ’ ಎಂದಿತ್ತು. ಅದರ ಕೆಳಗಿನ ನಾಲ್ಕನೆಯ ಸಾಲು ನಮ್ಮ ಅಜ್ಜಮ್ಮನದು. ಅವಳ ಮುಂದೆಯೂ ‘ಹಾಕಿಲ್ಲ’.

ಪುಟ್ಟೀ, ಅವಳಿಗೆ ಹಾಕಿಸಿದ್ದೇನೆ. ಆಮೇಲೆ ಹಾಕಿಸಿದೆ. ಎರಡನ್ನೂ ಹಾಕಿಸಿ, ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿ ನನ್ನ ಕೈಯಾರೆ ಶಾಲೆಗೆ ಕೊಟ್ಟಿದ್ದೇನೆ. ಒಂದು ಗಳಿಗೆ ನನಗೆ ನನ್ನ ಮೇಲೇ ಅನುಮಾನ ಬಂತು. ಮತ್ತೆ ಹೂಂ ಅಂದುಕೊಂಡು ಕೂತಿದ್ದೇನಾ ಎಂದು ಆ ಸಾಲನ್ನೇ ಮತ್ತೆ ಮತ್ತೆ ಓದಿದೆ. ಡ್ರೈವರು ನೀರಿನ ಲೋಟ ಕೊಟ್ಟರು.

ಅವತ್ತು ಸಂಜೆಯೇ ಹಳೆಯ ಗುಮಾಸ್ತರ ಮನೆಗೆ ಹೋದೆ. ನಿವೃತ್ತಿಯ ಮೇಲೆ ಗೋಡೆ ಗಡಿಯಾರ ರಿಪೇರಿ ಹಿಡಿದಿದ್ದಾರೆ. ಕೋಣೆಯ ತುಂಬ ಗಡಿಯಾರ, ಒಂದೊಂದರಲ್ಲೂ ಒಂದೊಂದು ಗಂಟೆ. ಕಿವಿ ಬೇರೆ ಮಂದ. ನಾನು ರಿಜಿಸ್ಟರನ್ನು ಬಿಚ್ಚಿಟ್ಟು, ಈ ಹಾಕಿಲ್ಲ ಅಂದರೆ ಏನು ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಅವರಿಗೆ ಅವಮಾನವಾಯಿತು. ಇಪ್ಪತ್ತಾರು ವರ್ಷ ಅವರ ರಿಜಿಸ್ಟರನ್ನು ಯಾರೂ ಪ್ರಶ್ನೆ ಮಾಡಿರಲಿಲ್ಲವಂತೆ.

“ಹಾಕಿಲ್ಲ ಅಂದ್ರೆ ಫೈಲಿಗೆ ಹಾಕಿಲ್ಲ ಅಂತ ಕಣಮ್ಮ. ಸೂಜಿ ಹಾಕೋದು ನರ್ಸಮ್ಮನ ಕೆಲಸ. ನಾನು ಫೈಲಿಗೆ ಹಾಕೋನು. ನನ್ನ ರಿಜಿಸ್ಟರಲ್ಲಿ ನನ್ನ ಕೆಲಸ ಬರೀತೀನೋ ನರ್ಸಮ್ಮಂದು ಬರೀತೀನೋ?”

ಫೈಲಿಗೆ ಯಾಕೆ ಹಾಕಲಿಲ್ಲ ಎಂದು ಕೇಳಿದೆ. ಶಾಲೆಯ ಎದುರಿನ ಅಂಗಡಿಯವನು ಲ್ಯಾಮಿನೇಷನ್ ಮಷಿನ್ ತಂದ ಮೇಲೆ ತಾಯಂದಿರೆಲ್ಲ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸಿ ತರತೊಡಗಿದರಂತೆ. ಫೈಲಿಗೆ ಹಾಕಬೇಕೆಂದರೆ ತೂತು ಹೊಡೆಯಬೇಕು. “ಅಷ್ಟು ಆಸೆಯಿಂದ ಮಾಡ್ಸಿರೋದಕ್ಕೆ ತೂತು ಹೊಡೆಯೋಕೆ ಮನಸ್ಸು ಬರ್ಲಿಲ್ಲ” ಅಂದರು. ಅವನ್ನೆಲ್ಲ ಒಂದು ಬೂಟಿನ ಡಬ್ಬಿಯಲ್ಲಿ ಜೋಡಿಸಿ, ದೊಡ್ಡ ಫೈಲು ಸಿಕ್ಕಾಗ ಹಾಕೋಣವೆಂದು ನೆನಪಿಗೆ ‘ಹಾಕಿಲ್ಲ’ ಎಂದು ಬರೆದುಕೊಂಡರು. ಫೈಲು ಸಿಗಲಿಲ್ಲ, ನಿವೃತ್ತಿ ಬಂತು.

ಡಬ್ಬಿ ಎಲ್ಲಿದೆ ಎಂದು ಕೇಳಿದೆ. ಅವರಿಗೆ ಕೇಳಿಸಲಿಲ್ಲ. ಬರೆದು ತೋರಿಸಿದೆ.

ಎಲ್ಲಿತ್ತು ಹೇಳು? ನನ್ನ ಮೇಜಿನ ಮೇಲೆ. ಕಚೇರಿಯ ಟೇಬಲ್ ಫ್ಯಾನು ತಗ್ಗಾಗುತ್ತದೆಂದು ಯಾವುದೋ ಹಳೆಯ ಡಬ್ಬಿಯ ಮೇಲೆ ಇಟ್ಟಿದ್ದರು. ಅದೇ. ಎಂಟು ತಿಂಗಳಿಂದ ನೂರ ಇಪ್ಪತ್ತೊಂದು ಮಕ್ಕಳ ಕಾರ್ಡುಗಳ ಮೇಲೆ ಫ್ಯಾನು ಕೂರಿಸಿ ಗಾಳಿ ಕುಡಿಯುತ್ತಿದ್ದೇನೆ. ಊರಿನಲ್ಲಿ ಎಲ್ಲರಿಗಿಂತ ಜೋಪಾನವಾಗಿದ್ದ ತಾಯಂದಿರ ಮಕ್ಕಳನ್ನೇ ಹುಡುಕಿ ಹುಡುಕಿ ಲಸಿಕೆ ಇಲ್ಲದವರ ಪಟ್ಟಿಗೆ ಸೇರಿಸಿದ್ದೆ.

ಮಾರನೆಯ ದಿನ ಹೆಡ್ ಮೇಡಂ, ಬಸ್ ಡ್ರೈವರು, ನಾನು ಮೂವರೂ ಕೂತು ಒಂದೊಂದೇ ಕಾರ್ಡು ಹಿಡಿದು ನೋಡಿದೆವು. ಈ ಸಲ ಹೆಸರು ಮುಚ್ಚಲಿಲ್ಲ. ಫೈಲಿನಲ್ಲಿದ್ದ ಇನ್ನೂರ ಎಂಬತ್ತು ಮಕ್ಕಳಿಗೂ ಎರಡೂ ಲಸಿಕೆ ಆಗಿದೆ. ನೂರ ಇಪ್ಪತ್ತೊಂದರಲ್ಲಿ ನಾಲ್ಕು ಮಕ್ಕಳಿಗೆ ಎರಡನೆಯ ಲಸಿಕೆ ಬಾಕಿ. ನೂರ ಹದಿನೇಳು ಸರಿ. ಡಬ್ಬಿಯಲ್ಲೂ ಫೈಲಿನಲ್ಲೂ ಕಾರ್ಡೇ ಇಲ್ಲದವರು ಹನ್ನೊಂದು. ಒಟ್ಟು ಮುನ್ನೂರ ತೊಂಬತ್ತೇಳು.

ತೊಂಬತ್ತಾರು, ಪುಟ್ಟೀ. ಕೂಡಿಸಿದವರು ಡ್ರೈವರು, ಭಾಗಿಸಿದವರು ಮೇಡಂ. ನಾನು ಪೆನ್ಸಿಲ್ ಕೂಡ ಮುಟ್ಟಲಿಲ್ಲ.

ಹಲಗೆಯ ಮೇಲಿನ ಅರವತ್ತೆಂಟನ್ನು ಅಳಿಸಿಬಿಡೋಣ ಎಂದರು ಮೇಡಂ. ನಾನು ಬೇಡವೆಂದೆ. ಅದರ ಮೇಲೆ ಒಂದು ಗೀಟೆಳೆದು, ಪಕ್ಕದಲ್ಲಿ 96 ಎಂದು ಬರೆದು, ಕೆಳಗೆ ಯಾಕೆ ತಪ್ಪಾಯಿತು ಎಂದು ಎರಡು ಸಾಲು ಬರೆದೆ. ‘ಎಣಿಸಿದವರು ಗುಮಾಸ್ತೆ, ತಪ್ಪು ಅವರದೇ’ ಎಂದೂ ಸೇರಿಸಿದೆ. ಜನ ನಿಂತು ಓದಿ ನಗುತ್ತಾರೆ. ನಗಲಿ, ನನಗೂ ನಗು ಬರುತ್ತಿದೆ. ತುಂಬ ದಿನದ ಮೇಲೆ ಹೊಟ್ಟೆ ಹಗುರವಾಗಿದೆ.

ಬಾ ಎಂದು ಬರೆಯುವುದಿಲ್ಲ. ಆ ಮಾತು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಸಂಖ್ಯೆ ಮಾತ್ರ ತಿಳಿಸುತ್ತಿದ್ದೇನೆ.

ಅಕ್ಕ


ಏಪ್ರಿಲ್ 3

ಅಕ್ಕನಿಗೆ,

ನಮ್ಮ ಮಾಲೀಕರು ಹೊಸ ಅಂಗಡಿಯ ಬೀಗದ ಕೈ ತೆಗೆದುಕೊಳ್ಳಲು ಸೋಮವಾರ ನಿಮ್ಮ ಊರಿಗೆ ಬಂದಿದ್ದರು. ನಿಮ್ಮ ಗೇಟಿನ ಹಲಗೆಯ ಫೋಟೊ ತೆಗೆದು ತಂದುಕೊಟ್ಟರು. ಎಂಟರ ಹೊಟ್ಟೆ ನಿಜವಾಗಿಯೂ ಸೊಟ್ಟಗಿದೆ. ಫೋಟೊವನ್ನು ವೈದ್ಯರಿಗೆ ತೋರಿಸಿದೆ. ಗೀಟೆಳೆದದ್ದನ್ನು ನೋಡಿ ಅವರು, ಹೀಗೆ ತಪ್ಪು ಒಪ್ಪಿಕೊಳ್ಳುವ ಶಾಲೆಯ ಲೆಕ್ಕವನ್ನು ನಂಬಬಹುದು ಎಂದರು. ಹೋಗಿ ಎಂದರು.

ಬರುತ್ತೀಯಾ ಎಂದು ಮಾಲೀಕರು ಮತ್ತೆ ಕೇಳಿದ್ದಾರೆ, ನಾನು ಇನ್ನೂ ಉತ್ತರ ಕೊಟ್ಟಿಲ್ಲ. ನನ್ನದೊಂದೇ ಪ್ರಶ್ನೆ ಇದೆ. ಅಜ್ಜಮ್ಮನ ಕಾರ್ಡಿನಲ್ಲಿ ಮೊದಲನೆಯ ಲಸಿಕೆಯ ತಾರೀಕು ಏನಿದೆ?

ತಂಗಿ


ಏಪ್ರಿಲ್ 7

ಪುಟ್ಟೀ,

ಸೆಪ್ಟೆಂಬರ್ 19.

ವಾರ್ಡಿನ ಸಿಸ್ಟರಿಗೆ ದಿನಾ ಫೋನ್ ಮಾಡುತ್ತಿದ್ದೆ. ನೀನು ಪರದೆ ಎಳೆದ ಮೇಲೂ ಮಾಡಿದೆ. ಅವತ್ತು ಮಧ್ಯಾಹ್ನ ಅವರು, ಇಪ್ಪತ್ತೊಂದೂ ಮುಗಿಯಿತು, ಮಗುವಿಗೆ ಏನೂ ಬರಲಿಲ್ಲ, ಈಗಷ್ಟೇ ಮನೆಗೆ ಹೋದರು ಎಂದರು. ಫೋನಿಟ್ಟ ಕೂಡಲೇ ಅಜ್ಜಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. “ಒಂದು ಸಲ ದಡಾರ ಬಂದ್ಮೇಲೆ ಇಷ್ಟು ಅವಸರ ಏನಮ್ಮ?” ಎಂದು ಅಲ್ಲಿಯ ನರ್ಸು ಕೇಳಿದರು. ಸುಮ್ಮನೆ ಹಾಕಿ ಎಂದೆ.

ಕಾರ್ಡನ್ನು ಇದರ ಜೊತೆ ಇಟ್ಟಿದ್ದೇನೆ. ನೋಡಿ ವಾಪಸು ಕಳಿಸು, ಕಚೇರಿಯ ದಾಖಲೆ.

ಅಕ್ಕ


ಏಪ್ರಿಲ್ 15

ಅಕ್ಕಾ,

ಕಾರ್ಡು ವಾಪಸು ಕಳಿಸಿದ್ದೇನೆ. ಒಂದು ಮೂಲೆಯಲ್ಲಿ ಒದ್ದೆಯಾಗಿತ್ತು, ಒರೆಸಿದ್ದೇನೆ. ಲ್ಯಾಮಿನೇಷನ್ ಮಾಡಿಸಿದ್ದು ಒಳ್ಳೆಯದೇ ಆಯಿತು.

ಜೂನ್ ಮೊದಲ ವಾರ ಬರುತ್ತೇವೆ. ಅಂಗಡಿಯ ಮೇಲೆ ಎರಡು ಕೋಣೆಗಳಿವೆಯಂತೆ. ಕಿಟಕಿಗಳು ಹೇಗಿವೆ ನೋಡಿಕೊಂಡು ಬಾ. ಬಟಾಣಿ ಕ್ಯಾಲೆಂಡರಿನ ಕೊನೆಯ ಹಾಜರಿ ಕರೆದು, ಎಲ್ಲರಿಗೂ ಇನ್ನು ಬೇಸಿಗೆ ರಜೆ ಎಂದು ಘೋಷಿಸಿದ್ದಾಳೆ. ಕೂದಲು ಬಂದಿದೆ, ಈ ಸಲ ಗುಂಗುರು. ಹೆಸರು ಬಿಡುವುದಿಲ್ಲವಂತೆ, ಗುಂಗುರು ಬಟಾಣಿ ಇರಬಾರದಾ ಎಂದು ಕೇಳುತ್ತಾಳೆ.

ಅವಳು ಸೇರಿದರೆ ನಿಮ್ಮ ಶೇಕಡಾ ಒಂದು ಚೂರು ಇಳಿಯುತ್ತದೆ. ನಿನ್ನ ಮೇಡಂಗೆ ಮೊದಲೇ ಹೇಳಿಡು.

ಒಂದು ಮಾತು. ಹತ್ತಿರ ಬಂದರೂ ಬಟಾಣಿಯ ಆರೋಗ್ಯದ ವಿಷಯವೆಲ್ಲ ಬರಹದಲ್ಲೇ ಇರಲಿ. ಕೋಪಕ್ಕಲ್ಲ. ಅಭ್ಯಾಸವಾಗಿದೆ.

ನಿನ್ನ,
ಪುಟ್ಟಿ


ಜುಲೈ 11
(ಬಟಾಣಿಯ ಚೀಲದಲ್ಲಿ)

ಅಕ್ಕಾ,

ಇವತ್ತು ಅವಳ ತರಗತಿಯಲ್ಲಿ ಯಾರಿಗಾದರೂ ಜ್ವರವಿದೆಯೇ? ಬರೆದು ಕಳಿಸು.

ಪುಟ್ಟಿ


ಜುಲೈ 11
(ಅದೇ ಚೀಟಿಯ ಹಿಂಬದಿ)

ಪುಟ್ಟೀ,

ಇಪ್ಪತ್ತಾರನೆಯ ಚೀಟಿ ತಲುಪಿತು. ನಿನ್ನ ಅಂಗಡಿ ಇಲ್ಲಿಂದ ಒಂದು ಕೂಗಳತೆಯಲ್ಲಿದೆ ಎಂಬುದನ್ನು ಈ ಕಚೇರಿ ವಿನಯಪೂರ್ವಕವಾಗಿ ನೆನಪಿಸುತ್ತದೆ. ಜ್ವರ ಯಾರಿಗೂ ಇಲ್ಲ, ಒಬ್ಬೊಬ್ಬರ ಹಣೆ ಮುಟ್ಟಿ ನೋಡಿ ಬಂದೆ. ಇಬ್ಬರಿಗೆ ನೆಗಡಿ, ಅವರನ್ನು ಕಿಟಕಿಯ ಪಕ್ಕ ದೂರ ಕೂರಿಸಿದ್ದೇವೆ. ಒಬ್ಬನಿಗೆ ಹಲ್ಲು ಬಿದ್ದಿದೆ, ಅದು ಅಂಟುವುದಿಲ್ಲ. ಮಾರ್ಚ್‌ನಲ್ಲಿ ಲೆಕ್ಕಕ್ಕೆ ಸಿಗದೆ ಉಳಿದಿದ್ದ ಆ ಹದಿನೈದು ಮಕ್ಕಳಲ್ಲಿ ಒಂಬತ್ತು ಮಂದಿಗೆ ಈಗ ಲಸಿಕೆ ಪೂರ್ತಿಯಾಗಿದೆ. ಅಜ್ಜಮ್ಮನೇ ಮನೆಮನೆಗೆ ಹೋಗಿ ತಾಯಂದಿರಿಗೆ ಉಪದೇಶ ಮಾಡಿದಳು, ತಡೆಯಲಾರದೆ ಹಾಕಿಸಿದರು.

ಬಟಾಣಿ ಇವತ್ತು ಗದ್ದಲ ಮಾಡಿದ್ದಕ್ಕೆ ಹೊರಗೆ ನಿಲ್ಲಿಸಿದ್ದರು. ನಾನು ಕಚೇರಿಯ ಕಿಟಕಿಯಿಂದ ನೋಡುತ್ತಿದ್ದೆ. ಎಷ್ಟು ಖುಷಿಯಾಗಿ ನಿಂತಿದ್ದಳು ಗೊತ್ತಾ?

ಮಾನ್ಯರು


ನವೆಂಬರ್ 23
(ಬಟಾಣಿಯ ಚೀಲದಲ್ಲಿ, ಒಂದು ಕಾರ್ಡಿನೊಂದಿಗೆ)

ಅಕ್ಕಾ,

ಹಾಕಿಸಿದೆ.

ನಿನ್ನೆ ರಕ್ತ ಪರೀಕ್ಷೆಯ ವರದಿ ಬಂತು. ನೋಡಿದ ಕೂಡಲೇ ವೈದ್ಯರು, ಇನ್ನು ಕಾಯುವುದು ಬೇಡ ಎಂದರು. ಅವಳು ಅಳಲಿಲ್ಲ. ಅತ್ತವಳು ನಾನು. ಎರಡನೆಯದು ಮುಂದಿನ ತಿಂಗಳು. ಇವತ್ತು ಬೆಳಿಗ್ಗೆ ಅವಳ ಕಿವಿಯ ಹಿಂದೆ ನೋಡುವುದನ್ನೇ ಮರೆತೆ. ಅಂಗಡಿಯ ಬಾಗಿಲು ತೆಗೆದ ಮೇಲೆ ನೆನಪಾಯಿತು, ವಾಪಸು ಹೋಗಲಿಲ್ಲ.

ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿಲ್ಲ. ಸಂಕೋಚವಿಲ್ಲದೆ ತೂತು ಹೊಡೆದು ಫೈಲಿಗೆ ಹಾಕು.

ಇದಕ್ಕೆ ಉತ್ತರ ಬರೆಯಬೇಡ. ಹಾಕಿದೆಯಾ ಎಂದು ಸಂಜೆ ನಾನೇ ಫೋನ್ ಮಾಡಿ ಕೇಳುತ್ತೇನೆ. ನೀನು ಹೂಂ ಅಂದರೆ ಸಾಕು.

ಪುಟ್ಟಿ